ಕಿಟ್ ಬಂದಿದೆ, ಕಳೆಯುವ ಲೆಕ್ಕ ಬಂದಿಲ್ಲ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಿ.ಆರ್.ಪಿ., ಅಂದರೆ ಸಂಪನ್ಮೂಲ ವ್ಯಕ್ತಿ. ಇಲ್ಲಿನ ಒಂದು ಶಾಲೆಯ ಐದನೇ ತರಗತಿಯವರು ಗಣಿತದಲ್ಲಿ ಮುಂದಿದ್ದಾರೆ. ಪಠ್ಯ, ಗಣಿತ ಸಾಮಗ್ರಿಗಳ ಕಿಟ್, ತರಬೇತಿ ಎಲ್ಲವೂ ಅವೇ ಆದರೂ ಉಳಿದ ಶಾಲೆಗಳಲ್ಲಿ ಎರಡಂಕಿಯ ವ್ಯವಕಲನವೇ ಬರುವುದಿಲ್ಲ. ಆ ಶಾಲೆಯ ಕ್ರಮವನ್ನು ಎಲ್ಲೆಡೆ ತರುವುದು ಹೇಗೆ?

ಉತ್ತರ: ಆ ಶಾಲೆಯ ಕ್ರಮವನ್ನು ಬರೆದು ಹಂಚಿದರೆ ಇನ್ನೊಂದು ಸುತ್ತೋಲೆಯಾಗುತ್ತದೆ, ಅಷ್ಟೇ. ಅಲ್ಲಿನ ಶಿಕ್ಷಕರು ಮಕ್ಕಳ ತಪ್ಪುಗಳನ್ನು ಓದುತ್ತಿರಬಹುದು. ಉಳಿದವರು ತಪ್ಪಿಗೆ ಅಡ್ಡಗೆರೆ ಎಳೆದು ಮುಂದೆ ಹೋಗುತ್ತಿರಬಹುದು. ಮೊದಲು ಅದನ್ನು ನೋಡಿ.

ಮುಂದಿನ ಸಮಾಲೋಚನಾ ಸಭೆಗೆ ಮಕ್ಕಳು ಮಾಡಿದ ಒಂದೇ ಲೆಕ್ಕದ ಹಾಳೆಗಳನ್ನು, ತಿದ್ದದೆ, ತರಲು ಶಿಕ್ಷಕರಿಗೆ ಹೇಳಿ. ಲೆಕ್ಕವನ್ನು ಮಾತ್ರ ಜಾಣತನದಿಂದ ಆರಿಸಬೇಕು. 52ರಲ್ಲಿ 27 ಕಳೆಯಲು ಕೊಟ್ಟರೆ ಎರಡು ಬೇರೆ ಬೇರೆ ತಪ್ಪುಗಳಿಗೂ 35 ಎಂಬ ಒಂದೇ ಉತ್ತರ ಬರುತ್ತದೆ. 53ರಲ್ಲಿ 27 ಕೊಡಿ, ಬಣ್ಣ ಬಯಲಾಗುತ್ತದೆ. 34 ಬರೆದ ಮಗು 3ರಲ್ಲಿ 7 ಹೋಗದೆಂದು 7ರಲ್ಲೇ 3 ಕಳೆದಿದೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ನಾವೇ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿದೆ! 36 ಬರೆದ ಮಗು ಹತ್ತನ್ನು ಬಿಡಿಸಿಕೊಂಡಿದೆ, ಆದರೆ 5ನ್ನು 4 ಮಾಡಲು ಮರೆತಿದೆ. ಮೊದಲನೆಯದಕ್ಕೆ ಹತ್ತರ ಕಡ್ಡಿಕಟ್ಟನ್ನು ತನ್ನ ಕೈಯಿಂದಲೇ ಬಿಚ್ಚುವ ಅಭ್ಯಾಸ ಬೇಕು. ಎರಡನೆಯದಕ್ಕೆ ಕಟ್ಟು ಬಿಚ್ಚಿದ ಕ್ಷಣವೇ ಉಳಿದ ಕಟ್ಟುಗಳನ್ನು ಎಣಿಸಿ ಬರೆಯುವುದು ರೂಢಿಯಾಗಬೇಕು. ಇಬ್ಬರಿಗೂ ಅದೇ ಪಾಠವನ್ನು ಮತ್ತೊಮ್ಮೆ ಮಾಡಿದರೆ ಪ್ರಯೋಜನವಿಲ್ಲ.

ಸರಿಯಾಗಿ 26 ಬರೆದವರ ಹಾಳೆಯ ಅಂಚನ್ನೂ ನೋಡಿ. 53 ಗೀಟು ಎಳೆದು 27ನ್ನು ಹೊಡೆದುಹಾಕಿದ್ದರೆ, ಆ ಮಗುವಿಗೆ ಸ್ಥಾನಬೆಲೆ ತಿಳಿದಿಲ್ಲದಿರಬಹುದು; 503ರಲ್ಲಿ 127 ಕಳೆಯುವಾಗ ಸಿಕ್ಕಿಬೀಳುತ್ತದೆ.

ಒಂದು ಕಡೆಯ ಕ್ರಮವನ್ನು ಎಲ್ಲೆಡೆ ಹಬ್ಬಿಸುವ ಮಾತಿಗೆ ನಲಿಕಲಿಯನ್ನು, ಅಂದರೆ ಕಾರ್ಡು, ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು, ನೆನೆಯಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ರೂಪಿಸಿದ್ದರು. ರಾಜ್ಯಕ್ಕೆಲ್ಲ ಹಬ್ಬಿದಾಗ ಕಾರ್ಡುಗಳು ಶಾಲೆಗಳನ್ನು ತಲುಪಿದವು, ಆ ಕುಳಿತು ಚರ್ಚಿಸುವುದು ತಲುಪಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸರ್ಕಾರಿ ಶಾಲೆಗಳ ಗಣಿತ ಕಲಿಕೆಯ ಕಾರ್ಯಕ್ರಮವಾದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು, ಐದನೇ ತರಗತಿಗೆ ಕೊಟ್ಟ ಕಿಟ್ ಒಳ್ಳೆಯದೇ. ಆದರೆ ದಾಸ್ತಾನು ಪುಸ್ತಕಕ್ಕೆ ಹೆದರಿ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕಡ್ಡಿ, ರಬ್ಬರ್ ಬ್ಯಾಂಡಿನಷ್ಟೂ ಅದು ಕೆಲಸಕ್ಕೆ ಬಾರದು. ‘ಬಳಕೆಯಲ್ಲಿ ಮುರಿದರೆ ಶಿಕ್ಷಕರು ಹೊಣೆಯಲ್ಲ’ ಎಂದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಂದ ಲಿಖಿತವಾಗಿ ಪಡೆಯಲು ಯತ್ನಿಸಿ.

ಇನ್ನೊಂದು ಮಾತು. ಆ ಹಾಳೆಗಳಿಂದ ಶಾಲೆಗಳಿಗೆ ರ‍್ಯಾಂಕ್ ಕೊಡಬೇಡಿ. ಕೊಟ್ಟರೆ ಮುಂದಿನ ತಿಂಗಳು ಎಲ್ಲ ಹಾಳೆಗಳಲ್ಲೂ 26 ಇರುತ್ತದೆ, ಅದೂ ಒಂದೇ ಕೈಬರಹದಲ್ಲಿ.