ನಿಮ್ಮ ತುಂಗುಸ್ಕಾ ಲೇಖನದ ಬಗ್ಗೆ

ನಮಸ್ಕಾರ,

ಸೈಬೀರಿಯಾದ ನಿಜ್ನಾಯಾ ತುಂಗುಸ್ಕಾ ನದಿ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ಪಕ್ಕಕ್ಕಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದ ತುಂಬ ಅಂಕಿಗಳು. ಉದ್ದ 2,989 ಕಿ.ಮೀ. ಸರಿ, ಆಮೇಲೆ? ಆಮೇಲೆ ‘ನಿಗೂಢ ಮೌನ’ ಶುರುವಾಗುತ್ತದೆ, ಪುಟಕ್ಕೆ ಮೂರು ಸಲ. ಅಷ್ಟನ್ನೂ ಹೊಡೆದುಹಾಕಿ.

ನಾಲ್ಕನೇ ಪುಟದಲ್ಲಿ, ಅದೂ ಆವರಣದೊಳಗೆ, ಒಂದು ಮಾತಿದೆ: ಕಿರೆನ್ಸ್ಕ್ ಊರಿನ ಹತ್ತಿರ ಈ ನದಿಗೂ ಲೆನಾ ನದಿಗೂ ನಡುವೆ ಸುಮಾರು 15 ಕಿ.ಮೀ. ಅಷ್ಟೇ. ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುವ ದೂರ. ಆದರೂ ಎರಡೂ ಸೇರುವುದಿಲ್ಲ. ಲೆನಾ ಲಾಪ್ಟೆವ್ ಸಮುದ್ರಕ್ಕೆ ಹೋಗುತ್ತದೆ, ಇದು ಯೆನಿಸೈ ಸೇರಿ ಕಾರಾ ಸಮುದ್ರಕ್ಕೆ. ಲೇಖನ ಇಲ್ಲಿಂದಲೇ ಶುರುವಾಗಬೇಕು, ಅಲ್ವಾ?

‘ವಸಂತದಲ್ಲಿ ಪ್ರವಾಹ ಬರುತ್ತದೆ’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಓದುಗರಿಗೆ ಬೇಕಾಗಿರುವುದೇ ಅದು. ನದಿ ಹುಟ್ಟುವುದು ದಕ್ಷಿಣದಲ್ಲಿ, ಹರಿಯುವುದು ಉತ್ತರಕ್ಕೆ. ದಕ್ಷಿಣದಲ್ಲಿ ಹಿಮ ಕರಗಿ ನೀರು ಹೊರಟಾಗ ಉತ್ತರದಲ್ಲಿ ನದಿಯ ಮಂಜುಗಡ್ಡೆ ಇನ್ನೂ ಗಟ್ಟಿಯಾಗಿರುತ್ತದೆ. ನೆಲದಡಿಯೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗುವುದಿಲ್ಲ. ಒಡೆದ ಗಡ್ಡೆಗಳು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಏರಿ ಅಡ್ಡ ಕೂರುತ್ತವೆ. ಅಂಥ ಕಡೆ ನೀರು 20 ಮೀಟರಿಗಿಂತ ಜಾಸ್ತಿ ಏರುತ್ತದೆ, ಅಂದರೆ ಆರು ಅಂತಸ್ತಿನ ಮನೆಯಷ್ಟು! ದಂಡೆಯ ಮೇಲಿರುವ ತುರಾ ಊರಿಗೆ ಇಂಧನ, ಸಾಮಾನು ಹೊತ್ತ ಹಡಗುಗಳು ಬರುವುದೂ ಈ ತುಂಬುನೀರಿನ ಕೆಲವೇ ವಾರಗಳಲ್ಲಿ. ಇಳಿದರೆ ಮುಗಿಯಿತು. ಇದಕ್ಕೆ ಎರಡು ಪುಟ ಕೊಡಿ, ಧಾರಾಳವಾಗಿ.

ಆ ಬಂಡೆಗಳ ಬಗ್ಗೆಯೂ ನಾಲ್ಕು ಮಾತು ಇರಲಿ. ಸುಮಾರು 25 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ಪದರ ಪದರವಾಗಿ ಆರಿ ಗಟ್ಟಿಯಾದದ್ದು ಅದು.

ಎರಡು ತಪ್ಪು ತಿದ್ದಲೇಬೇಕು. 1908ರಲ್ಲಿ ಆಕಾಶಕಾಯವೊಂದು ಸಿಡಿದ ‘ತುಂಗುಸ್ಕಾ ಸ್ಫೋಟ’ ನಡೆದದ್ದು ಈ ನದಿಯ ಬಳಿ ಅಲ್ಲ, ದಕ್ಷಿಣಕ್ಕಿರುವ ಪೊದ್‌ಕಾಮೆನ್ನಾಯಾ ತುಂಗುಸ್ಕಾ ಕಡೆ. ಅದು ಬೇರೆ ನದಿ, ಅದೂ ಯೆನಿಸೈಗೇ ಸೇರುತ್ತದೆ. ಇನ್ನು ‘ನಿತ್ಯಹಸಿರು ಕಾಡು’ ಎಂದಿದ್ದೀರಿ. ಅಲ್ಲಿ ಜಾಸ್ತಿ ಇರುವುದು ಲಾರ್ಚ್ ಮರ. ಶರತ್ಕಾಲದಲ್ಲಿ ಹಳದಿಯಾಗಿ ಸೂಜಿ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ.

ಅಲ್ಲಿನ ಮೂಲನಿವಾಸಿಗಳಾದ ಎವೆಂಕಿ ಜನರ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ.

ತಿದ್ದಿ ಕಳಿಸಿ, 800 ಪದ ಮೀರದಿರಲಿ. ಲೆನಾ, ತುಂಗುಸ್ಕಾ ಎರಡೂ ಕಾಣುವ ಹಾಗೆ ಪೆನ್ಸಿಲ್ಲಿನಲ್ಲಿ ಒಂದು ನಕ್ಷೆ ಗೀಚಿ ಕೊಡಿ, ಉಳಿದದ್ದನ್ನು ನಮ್ಮ ಕಲಾವಿದರು ನೋಡಿಕೊಳ್ಳುತ್ತಾರೆ.

ಇಂತಿ,
ಸಂಪಾದಕ