ಪ್ರತಿ ರಾತ್ರಿ ಲಾಂಗ್ ರೆಸ್ಟ್ ಸಿಕ್ಕರೆ ದಾರಿಯ ಅಪಾಯಕ್ಕೆ ಬೆಲೆ ಎಲ್ಲಿ?

ನೀವು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ದಾಳ ಉರುಳಿಸುತ್ತ ಪಾತ್ರಗಳಾಗಿ ಕತೆ ಕಟ್ಟುವ ಆಟ) ನಡೆಸುವವರಾಗಿದ್ದು, ಕತೆಯ ಪ್ರಯಾಣದಲ್ಲಿ ತೋಳ ಬಿಟ್ಟರೂ, ದರೋಡೆಕೋರರನ್ನು ಬಿಟ್ಟರೂ ಆಟಗಾರರು ಕ್ಯಾರೇ ಅನ್ನುತ್ತಿಲ್ಲ ಅಂದರೆ, ತಪ್ಪು ತೋಳಗಳದ್ದಲ್ಲ, ಲಾಂಗ್ ರೆಸ್ಟ್‌ನದ್ದು ಅನ್ನಿಸುತ್ತೆ. ಈ ಆಟದ 5ನೇ ಆವೃತ್ತಿಯಲ್ಲಿ ಲಾಂಗ್ ರೆಸ್ಟ್ ಅಂದರೆ 8 ಗಂಟೆ ವಿಶ್ರಾಂತಿ, ಅದಾದರೆ ಹಿಟ್ ಪಾಯಿಂಟ್ (ಪಾತ್ರದ ಜೀವಬಲ), ಸ್ಪೆಲ್ ಸ್ಲಾಟ್ (ಎಷ್ಟು ಮಂತ್ರ ಹಾಕಬಹುದು ಅನ್ನೋ ಲೆಕ್ಕ) ಎಲ್ಲ ವಾಪಸ್. ದಿನಕ್ಕೊಂದೇ ಕಾಳಗ ಅಂತ ಗೊತ್ತಾದರೆ ಇದ್ದಬದ್ದ ಮಂತ್ರವನ್ನೆಲ್ಲ ಅದರ ಮೇಲೇ ಸುರಿಯುತ್ತಾರೆ.

ಮೊದಲು ಪ್ರಯಾಣದ ಮಟ್ಟಿಗೆ ನಿಯಮ ಬದಲಿಸಿ: ಕಾಡಲ್ಲಿ ಒಂದು ರಾತ್ರಿಯ ನಿದ್ದೆ ಅಂದರೆ ಶಾರ್ಟ್ ರೆಸ್ಟ್ (ಪೂರ್ತಿ ಚೇತರಿಕೆ ಕೊಡದ ಚಿಕ್ಕ ವಿಶ್ರಾಂತಿ) ಅಷ್ಟೇ, ಲಾಂಗ್ ರೆಸ್ಟ್‌ಗೆ ಗೋಡೆ, ಸೂರು ಇರುವ ಜಾಗ ಬೇಕು. (ಬೇಕಿದ್ದರೆ ಬಳಸಬಹುದಾದ 'ಗ್ರಿಟಿ ರಿಯಲಿಸಂ' ಅನ್ನೋ ನಿಯಮದಲ್ಲಿ ಲಾಂಗ್ ರೆಸ್ಟ್‌ಗೆ 7 ದಿನ. ನನಗದು ಅತಿಯಾಯ್ತು.) ಇದನ್ನು ಹೊರಡುವ ಮೊದಲೇ ಹೇಳಿಬಿಡಿ, ನಡುದಾರಿಯಲ್ಲಿ ಹೇಳಿದರೆ ಜಗಳ ಗ್ಯಾರಂಟಿ.

ಆಮೇಲೆ ರಾತ್ರಿಯನ್ನು ಕಾವಲಿನ ಪಾಳಿಗಳಾಗಿ ಹಂಚಿ, ಪಾಳಿಗೊಂದು ಡಿ20 (20 ಮುಖದ ದಾಳ) ಉರುಳಿಸಿ. 18 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಏನೋ ಒಂದು ನಡೆಯಲಿ, ಆದರೆ ಪ್ರತಿ ಸಲ ಹೊಡೆದಾಟ ಬೇಡ. ನಮ್ಮ ಆಟದಲ್ಲಿ ಒಮ್ಮೆ ಬರೀ ಕತ್ತೆ ಹಗ್ಗ ಕಿತ್ತುಕೊಂಡು ಓಡಿತು, ನೀರಿನ ಚೀಲಗಳೆಲ್ಲ ಅದರ ಬೆನ್ನ ಮೇಲೆ. ಬೆಂಕಿ ಬಿಟ್ಟು ಕತ್ತಲಿಗೆ ಹೋಗೋದು ಯಾರು ಅಂತ ಅರ್ಧ ಗಂಟೆ ವಾದ!

ನಿಮ್ಮ ಗುಂಪಿನಲ್ಲಿ ಟೈನಿ ಹಟ್ ಮಂತ್ರ (ಮಲಗಿದವರ ಸುತ್ತ ಕಾಪಾಡುವ ಗುಮ್ಮಟ ಕಟ್ಟುತ್ತೆ) ಇದ್ದರೆ ಪಾಳಿಯ ದಾಳ ಅಷ್ಟಾಗಿ ನಾಟದಿರಬಹುದು. ಆಗ ಹೊರಗೆ ಕಟ್ಟಿದ ಕುದುರೆಗಳ ಮೇಲೆ ಕಣ್ಣು ಹಾಕಿ.