ದಿನಕ್ಕೊಂದು ಪ್ರಶ್ನೆ ಕೇಳುವವರಿಗೆ ‘ಮೊದಲ’ ಎಂಬ ಪದವೇ ತೊಡಕು

ಬಡಾವಣೆಯ ವಾಟ್ಸ್‌ಆ್ಯಪ್ ಬಳಗಕ್ಕೆ ದಿನವೂ ಇತಿಹಾಸ, ರಾಜಕೀಯ ಅಥವಾ ಸಿನಿಮಾದ ಒಂದು ಪ್ರಶ್ನೆ ಹಾಕುತ್ತಿರುವುದಾಗಿಯೂ, ಉತ್ತರ ಪ್ರಕಟಿಸಿದ ಮೇಲೆ ವಾದ ಶುರುವಾಗುವುದಾಗಿಯೂ ಬರೆದು, ತಕರಾರಿಗೆ ಎಡೆಯಿಲ್ಲದ ಪ್ರಶ್ನೆ ರೂಪಿಸುವುದು ಹೇಗೆಂದು ಕೇಳಿದ್ದೀರಿ. ಪ್ರೌಢಶಾಲೆಯೊಂದರಲ್ಲಿ ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಇದೇ ಕೆಲಸ ಮಾಡಿದ್ದರಿಂದ ಹೇಳುತ್ತಿದ್ದೇನೆ: ಬಹುಪಾಲು ವಾದದ ಮೂಲ ‘ಮೊದಲ’ ಎಂಬ ಒಂದೇ ಪದ.

ಒಮ್ಮೆ ನಾನು ‘ಕರ್ನಾಟಕದ ಮೊದಲ ಮುಖ್ಯಮಂತ್ರಿ ಯಾರು?’ ಎಂದು ಬರೆದಿದ್ದೆ. ಊಟದ ಬಿಡುವಿನಲ್ಲಿ ಉತ್ತರದ ಡಬ್ಬಿ ತೆರೆದರೆ ಚೀಟಿಗಳಲ್ಲಿ ಮೂರು ಹೆಸರುಗಳಿದ್ದವು. ಸ್ವಾತಂತ್ರ್ಯ ಬಂದ 1947ರಲ್ಲೇ ಮೈಸೂರಿನ ಮುಖ್ಯಮಂತ್ರಿಯಾದವರು ಕೆ.ಸಿ. ರೆಡ್ಡಿ, 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗ ಅಧಿಕಾರ ವಹಿಸಿಕೊಂಡವರು ನಿಜಲಿಂಗಪ್ಪ, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಆ ಸ್ಥಾನದಲ್ಲಿದ್ದವರು ದೇವರಾಜ ಅರಸು. ಮೂರು ಚೀಟಿಗಳಿಗೂ ಆಧಾರವಿತ್ತು. ಎಲ್ಲರಿಗೂ ಅಂಕ ಕೊಟ್ಟು, ಪ್ರಶ್ನೆಯೇ ಸಡಿಲವಾಗಿತ್ತೆಂದು ಅದೇ ಹಲಗೆಯ ಮೇಲೆ ಬರೆಯಬೇಕಾಯಿತು. ದಿನಾಂಕವನ್ನು ಪ್ರಶ್ನೆಯೊಳಗೇ ಸೇರಿಸಿದ್ದರೆ ಆ ಪ್ರಸಂಗವೇ ಇರುತ್ತಿರಲಿಲ್ಲ. ಅಂದಹಾಗೆ, ಏಕೀಕರಣದ ಹಿಂದಿನ ದಿನದವರೆಗೆ ಮುಖ್ಯಮಂತ್ರಿಯಾಗಿದ್ದವರು ಯಾರೆಂದು ಕೇಳಿ ನೋಡಿ. ಕಡಿದಾಳ್ ಮಂಜಪ್ಪನವರ ಹೆಸರು ಹಿರಿಯರಿಗೆ ಮಾತ್ರ ಥಟ್ಟನೆ ಹೊಳೆಯುತ್ತದೆ.

ಸಿನಿಮಾದಲ್ಲೂ ಇದೇ ಕಥೆ. ಮೊದಲು ತಯಾರಿಕೆಗೆ ಇಳಿದ ಕನ್ನಡ ವಾಕ್ಚಿತ್ರ ‘ಭಕ್ತ ಧ್ರುವ’ವಾದರೂ 1934ರ ಮಾರ್ಚ್ 3ರಂದು ಮೊದಲು ತೆರೆಕಂಡದ್ದು ‘ಸತಿ ಸುಲೋಚನಾ’. ರಾಜ್‌ಕುಮಾರ್ ನಾಯಕರಾದದ್ದು 1954ರ ‘ಬೇಡರ ಕಣ್ಣಪ್ಪ’ದಲ್ಲಿ, ಆದರೆ ಅದಕ್ಕೂ ಮುಂಚೆ ಸಣ್ಣ ಪಾತ್ರಗಳಲ್ಲಿ ಪರದೆಯ ಮೇಲೆ ಬಂದಿದ್ದರು. ಆದ್ದರಿಂದ ‘ತೆರೆಕಂಡ’, ‘ನಾಯಕನಾಗಿ’ ಎಂಬ ಪದಗಳನ್ನು ಬಿಡಬೇಡಿ. ಅತಿ ಹಳೆಯ ಕನ್ನಡ ಶಾಸನ ಯಾವುದೆಂಬ ಪ್ರಶ್ನೆಯನ್ನಂತೂ ಸದ್ಯಕ್ಕೆ ಕೈಬಿಡುವುದೇ ಲೇಸು. ಹಲ್ಮಿಡಿ ಎಂದರೆ ತಾಳಗುಂದ ಎನ್ನುವವರು ಸಿದ್ಧರಾಗಿರುತ್ತಾರೆ.

ಆದರೆ ತಕರಾರಿಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಒಳ್ಳೆಯದಾಗುವುದಿಲ್ಲ. ಬರೀ ಇಸವಿ ಕೇಳಿದರೆ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಗೂಗಲ್ ನೋಡುತ್ತಾರೆ. ಯೋಚಿಸಿದರೆ ದಕ್ಕುವಂಥದ್ದಿರಬೇಕು. ನನಗೆ ಇಂದಿಗೂ ಪ್ರಿಯವಾದ ಪ್ರಶ್ನೆ ಇದು: 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಆರಂಭವಾದಾಗ ಆ ವಿದ್ಯುತ್ತನ್ನು ಎಲ್ಲಿಗೆ ಒಯ್ಯಲಾಯಿತು? ಮಕ್ಕಳೆಲ್ಲ ಮೈಸೂರು ಅರಮನೆ ಎಂದೋ ಬೆಂಗಳೂರು ಎಂದೋ ಬರೆದರು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಾತ್ರ, “ಸರ್, ಅಷ್ಟು ಕರೆಂಟಿಗೆ ಆಗ ದುಡ್ಡು ಕೊಡುವವರು ಯಾರಿದ್ದರು?” ಎಂದು ನನ್ನನ್ನೇ ಕೇಳಿ, ತುಸು ಹೊತ್ತು ಹಲಗೆಯ ಮುಂದೆಯೇ ನಿಂತಿದ್ದು, ಕೋಲಾರದ ಚಿನ್ನದ ಗಣಿ ಎಂದು ಬರೆದು ಹಾಕಿದಳು. ಸರಿಯಾದ ಉತ್ತರ ಅದೇ. ಸುಮಾರು 147 ಕಿ.ಮೀ. ತಂತಿ ಎಳೆದದ್ದು ಬ್ರಿಟಿಷ್ ಕಂಪನಿಗಳ ಗಣಿ ಯಂತ್ರಗಳಿಗಾಗಿ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ.

ಇಂಥ ಪ್ರಶ್ನೆ ವಾರಕ್ಕೆ ಎರಡು ಸಿಕ್ಕರೂ ಸಾಕು, ಉಳಿದ ದಿನ ಸುಲಭದ್ದನ್ನು ಕೇಳಿ. ಉತ್ತರದ ಜೊತೆ ಕಾರಣವನ್ನೂ ಎರಡು ಸಾಲಿನಲ್ಲಿ ಹಾಕಿ, ಈಗ ಅಧಿಕಾರದಲ್ಲಿರುವವರ ತಂಟೆಗೆ ಮಾತ್ರ ಹೋಗಬೇಡಿ.